ಹಳೇ ಕಾರಿನ ಡಿಕ್ಕಿ ಯಾಕೆ ಸರಿಯಾಗಿ ಕೂರುವುದಿಲ್ಲ, ಕೂರಿಸುವುದು ಹೇಗೆ

ಅಂಬಾಸಿಡರ್ ಆಗಲಿ, ಪ್ರೀಮಿಯರ್ ಪದ್ಮಿನಿ ಆಗಲಿ, ಡಿಕ್ಕಿ ಬಾಗಿಲು ಸರಿಯಾಗಿ ಕೂರುತ್ತಿಲ್ಲ ಅಂದ ತಕ್ಷಣ ಹೆಚ್ಚಿನವರ ಕೈ ಹೋಗುವುದು ಲಾಕಿಗೆ. ಲಾಕನ್ನು ಸ್ವಲ್ಪ ಕೆಳಗಿಳಿಸುತ್ತಾರೆ, ಸ್ವಲ್ಪ ಎಡಕ್ಕೆ ತಳ್ಳುತ್ತಾರೆ, ಆಮೇಲೆ ಜೋರಾಗಿ ಬಡಿದು ಮುಚ್ಚುತ್ತಾರೆ. ಮುಚ್ಚುತ್ತದೆ, ನಿಜ. ಆದರೆ ಬಾಗಿಲು ಒಂದು ಕಡೆ ಎದ್ದೇ ಇರುತ್ತದೆ, ಇನ್ನೊಂದು ಕಡೆ ಬಣ್ಣ ಉಜ್ಜಿಹೋಗುತ್ತದೆ. ಮಳೆ ಬಂದರೆ ಒಳಗೆಲ್ಲ ನೀರು. ಲಾಕ್ ಇರುವುದು ಬಾಗಿಲನ್ನು ಹಿಡಿದುಕೊಳ್ಳುವುದಕ್ಕೆ ಮಾತ್ರ. ಬಾಗಿಲು ಎಲ್ಲಿ ಕೂರಬೇಕು ಅಂತ ತೀರ್ಮಾನ ಮಾಡುವುದು ಹಿಂಜ್, ಅಂದರೆ ಬಾಗಿಲು ತಿರುಗುವ ಕೀಲು, ಮತ್ತು ಆ ಹಿಂಜನ್ನು ಹೊತ್ತಿರುವ ಬಾಡಿ. ಅದಕ್ಕೇ ಈ ಕೆಲಸ ಬಾಡಿಯಿಂದ ಶುರುವಾಗಬೇಕು, ಲಾಕಿನಲ್ಲಿ ಮುಗಿಯಬೇಕು. ಈ ಕ್ರಮ ತಿರುವುಮುರುವಾದರೆ ಎಷ್ಟು ಹೊತ್ತು ಸ್ಪ್ಯಾನರ್ ತಿರುಗಿಸಿದರೂ ಸರಿಹೋಗುವುದಿಲ್ಲ.

ಇದು ಬರೀ ಅಂದಚಂದದ ವಿಷಯ ಅಲ್ಲ. ಡಿಕ್ಕಿಯೊಳಗೆ ಇಳಿದ ನೀರು ಮ್ಯಾಟಿನ ಕೆಳಗೆ, ತಗ್ಗಿರುವ ಕಡೆ ನಿಲ್ಲುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಮಲೆನಾಡಿನ ಮಳೆ, ಕರಾವಳಿಯ ಉಪ್ಪು ಗಾಳಿ ಎರಡೂ ಗೊತ್ತಿರುವವರಿಗೆ ಮುಂದಿನದು ಹೇಳಬೇಕಾಗಿಲ್ಲ. ತುಕ್ಕು ಹಿಡಿದ ತಳ ಮೆತ್ತಗಾಗುತ್ತದೆ, ತಳ ಮೆತ್ತಗಾದರೆ ಬಾಡಿ ಜಗ್ಗುತ್ತದೆ, ಬಾಡಿ ಜಗ್ಗಿದರೆ ಡಿಕ್ಕಿಯ ಸಂದು ಇನ್ನೂ ದೊಡ್ಡದಾಗುತ್ತದೆ. ಇನ್ನೊಂದು ವಿಷಯವನ್ನು ಜನ ಯೋಚಿಸುವುದೇ ಇಲ್ಲ. ಓಡುವ ಕಾರಿನ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆ ಇರುತ್ತದೆ, ಸೈಲೆನ್ಸರಿನ ಹೊಗೆ ಅಲ್ಲೇ ಸುತ್ತುತ್ತಿರುತ್ತದೆ. ಡಿಕ್ಕಿ ಸರಿಯಾಗಿ ಮುಚ್ಚಿಲ್ಲದಿದ್ದರೆ ಆ ಹೊಗೆ ಒಳಗೆ ಬರುತ್ತದೆ. ಹಳೇ ಪೆಟ್ರೋಲ್ ಇಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಾನಿಲ ಜಾಸ್ತಿ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ದೂರದ ಪ್ರಯಾಣದಲ್ಲಿ ಹಿಂದಿನ ಸೀಟಿನವರಿಗೆ ಮಾತ್ರ ತಲೆ ನೋಯುತ್ತದೆ, ಮಂಪರು ಬರುತ್ತದೆ ಅಂದರೆ ಡಿಕ್ಕಿಯ ರಬ್ಬರನ್ನೂ ಸೈಲೆನ್ಸರನ್ನೂ ಅವತ್ತೇ ನೋಡಿ.

ಈಗ ಬಾಡಿಯ ವಿಷಯ. ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರೇ ನಮ್ಮಲ್ಲಿ ಅಂಬಾಸಿಡರ್ ಆದದ್ದು. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ಅದು ತಯಾರಾಯಿತು. ಟ್ಯಾಂಕಿನ ಹಾಗೆ ಗಟ್ಟಿ ಅಂತ ಹೆಸರಿರುವುದರಿಂದ, ಅದರ ಕೆಳಗೆ ಲಾರಿಗೆ ಇರುವಂಥ ಚಾಸಿ, ಅಂದರೆ ಬಾಡಿಯನ್ನು ಹೊರುವ ಬೇರೆಯದೇ ಉಕ್ಕಿನ ಚೌಕಟ್ಟು, ಇದೆ ಅಂತ ಎಷ್ಟೋ ಜನ ನಂಬಿದ್ದಾರೆ. ಇಲ್ಲ. ಅಂಬಾಸಿಡರಿಗೆ ಬಾಡಿಯೇ ಚಾಸಿ. ತಳದ ತಗಡು, ಬಾಗಿಲುಗಳ ಕೆಳಗೆ ಉದ್ದಕ್ಕೂ ಇರುವ ಬಾಕ್ಸುಗಳು, ಕಂಬಗಳು, ಮೇಲ್ಛಾವಣಿ ಎಲ್ಲ ವೆಲ್ಡಾಗಿ ಒಂದೇ ಪೆಟ್ಟಿಗೆ. ಹಿಂದಿನ ಲೀಫ್ ಸ್ಪ್ರಿಂಗ್ ನೇರವಾಗಿ ಈ ಪೆಟ್ಟಿಗೆಗೇ ಸೇರಿಕೊಂಡಿದೆ. ರಸ್ತೆಯ ಪ್ರತಿ ಗುಂಡಿಯ ಪೆಟ್ಟು ಡಿಕ್ಕಿಯ ತಳದ ಆಸುಪಾಸಿನ ತಗಡಿಗೇ ಬೀಳುತ್ತದೆ. ವರ್ಷಗಟ್ಟಲೆ ಡಿಕ್ಕಿಯಲ್ಲಿ ಅಕ್ಕಿ ಮೂಟೆಯನ್ನೋ ಗ್ಯಾಸ್ ಟ್ಯಾಂಕನ್ನೋ ಹೊತ್ತ ಕಾರಾದರೆ ಕೇಳುವುದೇ ಬೇಡ. ಮಳೆಗಾಲದಲ್ಲಿ ಮನೆಯ ಬಾಗಿಲು ಚೌಕಟ್ಟಿಗೆ ಉಜ್ಜಿದಾಗ ಬಡಗಿ ಮೊದಲು ಚೌಕಟ್ಟು ನೋಡುತ್ತಾನಲ್ಲ, ಇಲ್ಲೂ ಹಾಗೇ ಮಾಡಬೇಕು.

ಇದಕ್ಕೆ ಪೂರ್ತಿ ಬೇರೆಯದೇ ಜಾತಿ ಸ್ಟ್ಯಾಂಡರ್ಡ್ ಹೆರಾಲ್ಡ್. 1959ರಲ್ಲಿ ಬ್ರಿಟನ್ನಿನಲ್ಲಿ ಬಂದ ಟ್ರಯಂಫ್ ಹೆರಾಲ್ಡನ್ನು 60ರ ದಶಕದಲ್ಲಿ ಮದ್ರಾಸಿನಲ್ಲಿ ಈ ಹೆಸರಿನಲ್ಲಿ ತಯಾರಿಸುತ್ತಿದ್ದರು. ಇಟಲಿಯ ಜಿಯೊವಾನಿ ಮಿಕೆಲೊಟ್ಟಿ ರೂಪಿಸಿದ ಚೆಲುವಾದ ಕಾರು. ಇಡೀ ಬಾಡಿಯನ್ನು ಒಂದೇ ಕಡೆ ಮಾಡಿಸುವುದು ಕಂಪನಿಗೆ ಕಷ್ಟವಾಗಿದ್ದರಿಂದ, ಬೇರೆ ಬೇರೆ ತುಂಡುಗಳಾಗಿ ಮಾಡಿ ಪ್ರತ್ಯೇಕ ಚಾಸಿಯ ಮೇಲೆ ಬೋಲ್ಟ್ ಹಾಕಿ ಕೂರಿಸುವ ದಾರಿ ಹಿಡಿದರು. ಹಾಗಾಗಿ ಹೆರಾಲ್ಡಿನಲ್ಲಿ ಡಿಕ್ಕಿ ಸೊಟ್ಟಗಾದರೆ ಕಾರಣ ಡಿಕ್ಕಿಯಲ್ಲೇ ಇರಬೇಕಾಗಿಲ್ಲ. ಬಾಡಿ ಮತ್ತು ಚಾಸಿಯ ನಡುವಿನ ಪ್ಯಾಕಿಂಗ್ ಸವೆದಿರಬಹುದು. ಚಾಸಿಯಿಂದ ಪಕ್ಕಕ್ಕೆ ಚಾಚಿರುವ ಕೈಗಳು ತುಕ್ಕು ತಿಂದು ಕುಸಿದಿರಬಹುದು. ಅಲ್ಲಿ ಒಂದು ಪ್ಯಾಕಿಂಗ್ ದಪ್ಪ ಬದಲಾದರೆ ಬಾಗಿಲಿನ ಸಂದು, ಡಿಕ್ಕಿಯ ಸಂದು ಎರಡೂ ಬದಲಾಗುತ್ತವೆ. ಇಂಥ ಕಾರಿನಲ್ಲಿ ಹಿಂಜ್ ಮುಟ್ಟುವ ಮೊದಲು ಕೆಳಗೆ ಮಲಗಿ ಚಾಸಿ ನೋಡಲೇಬೇಕು.

ಬಾಡಿ ನೆಟ್ಟಗಿದೆಯೋ ಇಲ್ಲವೋ ಅಂತ ಮನೆಯಲ್ಲೇ ನೋಡಬಹುದು. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ. ಡಿಕ್ಕಿ ಪೂರ್ತಿ ಖಾಲಿ ಮಾಡಿ, ಟೈರುಗಳ ಗಾಳಿ ಸಮ ಇರಲಿ. ಡಿಕ್ಕಿ ಬಾಗಿಲು ತೆರೆದು, ಡಿಕ್ಕಿಯ ಬಾಯಿಯ ಒಂದು ಮೂಲೆಯಿಂದ ಎದುರು ಮೂಲೆಗೆ ಅಳತೆ ಟೇಪ್ ಹಿಡಿಯಿರಿ, ಆಮೇಲೆ ಇನ್ನೆರಡು ಮೂಲೆಗೆ. ಎರಡೂ ಅಳತೆ ಒಂದೇ ಬಂದರೆ ಬಾಯಿ ಚೌಕಾಕಾರವಾಗಿಯೇ ಇದೆ. ಒಂದು ಜಾಸ್ತಿ, ಇನ್ನೊಂದು ಕಮ್ಮಿ ಬಂದರೆ ಯಾವತ್ತೋ ಹಿಂದಿನಿಂದ ಓರೆಯಾಗಿ ಪೆಟ್ಟು ಬಿದ್ದಿದೆ. ಮೇಲೆ ಎಷ್ಟೇ ಚೆನ್ನಾಗಿ ಪುಟ್ಟಿ ಹಾಕಿ ಬಣ್ಣ ಬಳಿದಿದ್ದರೂ ಟೇಪ್ ಸುಳ್ಳು ಹೇಳುವುದಿಲ್ಲ. ಆಮೇಲೆ ಡಿಕ್ಕಿ ಮುಚ್ಚಿ, ಜಾಕ್ ಕೊಡುವ ಜಾಗದಲ್ಲೇ ಜಾಕ್ ಕೊಟ್ಟು ಹಿಂದಿನ ಒಂದು ಚಕ್ರವನ್ನು ನೆಲದಿಂದ ಎತ್ತಿ. ಸಂದುಗಳನ್ನು ಮತ್ತೆ ನೋಡಿ. ಜಾಕ್ ಏರಿಸಿದ ಹಾಗೆ ಸಂದು ಕಣ್ಣಿಗೆ ಕಾಣುವಷ್ಟು ಬದಲಾಯಿತು ಅಂದರೆ ಬಾಡಿಯ ಬಲ ಹೋಗಿದೆ ಅಂತ ಅರ್ಥ. ಆಗ ಇದು ಹಿಂಜ್ ಕೆಲಸ ಅಲ್ಲ, ತಳದ ತಗಡು ಬದಲಿಸುವ ಕೆಲಸ. ಅದನ್ನು ಮೊದಲು ಮಾಡಿಸಿ. ಹಿಂದಿನ ಬಾಗಿಲುಗಳೂ ಇಳಿಬಿದ್ದಿದ್ದರೆ ಅನುಮಾನವೇ ಬೇಡ.

ಬಾಡಿ ಸರಿಯಿದೆ ಅಂತ ಖಾತ್ರಿ ಆದ ಮೇಲೆ ಬಾಗಿಲಿಗೆ ಬನ್ನಿ. ಇಲ್ಲಿ ಒಂದು ಕೆಲಸ ಮಾಡಿದರೆ ಅರ್ಧ ಗೊಂದಲ ಕಳೆಯುತ್ತದೆ. ಲಾಕಿನ ಕೊಕ್ಕೆ ಸಿಕ್ಕಿಕೊಳ್ಳುವ ಸ್ಟ್ರೈಕರನ್ನು ಬಿಚ್ಚಿಡಿ. ಸುತ್ತಲಿನ ರಬ್ಬರ್ ಬೀಡಿಂಗ್ ತೆಗೆಯಿರಿ. ಮೂಲೆಗಳಲ್ಲಿ ಬಾಗಿಲಿಗೆ ಆನಿಕೆ ಕೊಡುವ ರಬ್ಬರ್ ಬಫರುಗಳನ್ನೂ ತೆಗೆಯಿರಿ. ಆಮೇಲೆ ಬಾಗಿಲನ್ನು ಮೆಲ್ಲಗೆ ಇಳಿಸಿ. ಈಗ ಅದನ್ನು ಯಾರೂ ತಳ್ಳುತ್ತಿಲ್ಲ, ಎಳೆಯುತ್ತಿಲ್ಲ, ಹಿಂಜ್ ಹೇಳಿದಲ್ಲಿ ಕೂರುತ್ತದೆ. ಸುತ್ತಲಿನ ಸಂದು ಈಗ ಸರಿಯಾಗಿದ್ದರೆ ತಪ್ಪು ರಬ್ಬರಿನದೋ ಸ್ಟ್ರೈಕರಿನದೋ. ಸೊಟ್ಟಗೇ ಇದ್ದರೆ ಹಿಂಜಿನದು, ಇಲ್ಲ ಬಾಗಿಲಿನದೇ. ಹೊಸ ಬೀಡಿಂಗ್ ಹಾಕಿಸಿದ ಮಾರನೇ ದಿನದಿಂದ ಡಿಕ್ಕಿ ಎದ್ದಿದೆ ಅನ್ನುವವರಿಗೆ ಉತ್ತರ ಇಲ್ಲೇ ಸಿಗುತ್ತದೆ.

ಸಂದು ಅಳೆಯಲು ದುಬಾರಿ ಸಾಧನ ಬೇಡ. ಡ್ರಿಲ್ ಬಿಟ್ಟುಗಳ ಹಿಂಬದಿಯ ಗುಂಡು ಕಡ್ಡಿ ಸಾಕು. 4 ಮಿ.ಮೀ. ಬಿಟ್ ಹೋಗುತ್ತದೆ, 5 ಹೋಗುವುದಿಲ್ಲ ಅಂದರೆ ಸಂದು ಎಷ್ಟು ಅಂತ ಗೊತ್ತಾಯಿತಲ್ಲ. ಎಡ ಮಡ್‌ಗಾರ್ಡ್ ಪಕ್ಕ ಮೇಲೆ ಮತ್ತು ಕೆಳಗೆ, ಬಲಕ್ಕೆ ಹಾಗೇ, ಹಿಂದಿನ ಗಾಜಿನ ಕೆಳಗಿನ ತಗಡಿನ ಹತ್ತಿರ ಎರಡು ಕಡೆ, ಬಂಪರ್ ಕಡೆ ಎರಡು ಕಡೆ. ಒಂದು ಹಾಳೆಯಲ್ಲಿ ಡಿಕ್ಕಿಯ ಚಿತ್ರ ಬರೆದು ಆಯಾ ಜಾಗದಲ್ಲೇ ಅಂಕಿ ಬರೆಯಿರಿ. ಜೊತೆಗೆ ಅಂಗೈಯನ್ನು ಬಾಗಿಲಿನಿಂದ ಮಡ್‌ಗಾರ್ಡ್ ಕಡೆಗೆ ಸವರಿ, ಎಲ್ಲಿ ಎದ್ದಿದೆ, ಎಲ್ಲಿ ತಗ್ಗಿದೆ ಅಂತ ಗುರುತು ಮಾಡಿ. ಅರ್ಧ ಮಿಲಿಮೀಟರ್ ವ್ಯತ್ಯಾಸವೂ ಬೆರಳಿಗೆ ಗೊತ್ತಾಗುತ್ತದೆ.

ಎಷ್ಟು ಸಂದು ಇದ್ದರೆ ಸರಿ? ಆ ಕಾಲದ ಕಾರುಗಳನ್ನು ಕಾರ್ಖಾನೆಯಲ್ಲೂ ಕೈಯಿಂದಲೇ ಹೊಂದಿಸಿ ಕಳಿಸುತ್ತಿದ್ದರು. ಇವತ್ತಿನ ಕಾರಿನ ಲೆಕ್ಕ ಅವಕ್ಕೆ ಹಾಕುವುದು ಅನ್ಯಾಯ. ಸುತ್ತಲೂ ಐದು ಮಿಲಿಮೀಟರ್ ಆಸುಪಾಸು ಸಮನಾಗಿ ಬಂದರೆ ನನ್ನ ಮಟ್ಟಿಗೆ ಅದು ಒಳ್ಳೇ ಕೆಲಸ. ಸಮ ಅನ್ನುವುದೇ ಮುಖ್ಯ. ಉದ್ದಕ್ಕೂ ಆರು ಮಿಲಿಮೀಟರ್ ಇರುವ ಸಂದು ಕಣ್ಣಿಗೆ ಚುಚ್ಚುವುದಿಲ್ಲ. ಮೇಲೆ ಮೂರು ಇದ್ದು ಕೆಳಗೆ ಆರಾಗುವ ಸಂದು ರಸ್ತೆಯ ಆಚೆಯಿಂದಲೇ ಕಾಣುತ್ತದೆ.

ಈಗ ಹಾಳೆಯಲ್ಲಿರುವ ಅಂಕಿಗಳನ್ನು ಓದುವುದು ಹೇಗೆ ಅಂತ ನೋಡೋಣ. ಎಡಗಡೆ ಉದ್ದಕ್ಕೂ ಮೂರು, ಬಲಗಡೆ ಉದ್ದಕ್ಕೂ ಏಳು ಇದ್ದರೆ ಸುಲಭ. ಇಡೀ ಬಾಗಿಲು ಎಡಕ್ಕೆ ಸರಿದಿದೆ, ಎರಡು ಮಿಲಿಮೀಟರ್ ಬಲಕ್ಕೆ ತಳ್ಳಿದರೆ ಆಯಿತು. ಗೊಂದಲ ಆಗುವುದು ಮೇಲೆ ಎರಡೂ ಕಡೆ ಸರಿಯಿದ್ದು, ಬಂಪರ್ ಕಡೆಯ ತುದಿ ಮಾತ್ರ ಒಂದು ಪಕ್ಕಕ್ಕೆ ಹೋದಾಗ. ಆಗ ಜನ ತುದಿಯನ್ನೇ ಹಿಡಿದು ತಳ್ಳುತ್ತಾರೆ, ಸ್ಟ್ರೈಕರನ್ನು ಪಕ್ಕಕ್ಕೆ ಸರಿಸುತ್ತಾರೆ. ನಿಜವಾಗಿ ಬಾಗಿಲು ತಿರುಗಿರುತ್ತದೆ, ತಿರುಗಿಸಿರುವುದು ಹಿಂಜ್. ಒಂದು ಲೆಕ್ಕ ಮಾಡೋಣ. ಎರಡು ಹಿಂಜುಗಳ ನಡುವೆ 80 ಸೆ.ಮೀ. ಇದೆ, ಹಿಂಜಿನಿಂದ ಬಾಗಿಲಿನ ತುದಿಗೂ 80 ಸೆ.ಮೀ. ಇದೆ ಅಂದುಕೊಳ್ಳಿ. ಕಾರಿನ ಹಿಂದೆ ನಿಂತು ನೋಡಿದರೆ ನಿಮ್ಮ ಎಡಗಡೆ ಇರುವ ಹಿಂಜನ್ನು ಬಂಪರ್ ಕಡೆಗೆ 2 ಮಿ.ಮೀ. ಎಳೆದರೆ, ಬಾಗಿಲಿನ ತುದಿ ಬಲಕ್ಕೆ 2 ಮಿ.ಮೀ. ಹೋಗುತ್ತದೆ. ಬಾಗಿಲು ಇದಕ್ಕಿಂತ ಉದ್ದವಾಗಿದ್ದರೆ, ಇಲ್ಲ ಹಿಂಜುಗಳು ಹತ್ತಿರ ಇದ್ದರೆ, ಇನ್ನೂ ಜಾಸ್ತಿ ಹೋಗುತ್ತದೆ. ಹಾಗಾಗಿ ತುದಿ ಎಡಕ್ಕೆ ಹೋಗಿದೆಯೋ, ಎಡ ಹಿಂಜನ್ನು ಹಿಂದಕ್ಕೆ ಎಳೆಯಿರಿ ಅಥವಾ ಬಲ ಹಿಂಜನ್ನು ಗಾಜಿನ ಕಡೆಗೆ ತಳ್ಳಿ. ಯಾವುದನ್ನು ಮುಟ್ಟಬೇಕು ಅಂತ ಗಾಜಿನ ಪಕ್ಕದ ಸಂದು ಹೇಳುತ್ತದೆ. ಎಡ ಮೂಲೆಯಲ್ಲಿ ಸಂದು ಇಕ್ಕಟ್ಟಾಗಿದ್ದರೆ ಎಡದ್ದನ್ನು ಎಳೆಯಿರಿ, ಬಲ ಮೂಲೆಯಲ್ಲಿ ಅಗಲವಾಗಿದ್ದರೆ ಬಲದ್ದನ್ನು ತಳ್ಳಿ. ಈ ಒಂದು ಲೆಕ್ಕ ತಲೆಗೆ ಹೋದರೆ ಗಂಟೆಗಟ್ಟಲೆ ಅಂದಾಜಿನ ಕೆಲಸ ತಪ್ಪುತ್ತದೆ.

ಬೋಲ್ಟ್ ಸಡಿಲಿಸುವ ಮೊದಲು ಹಿಂಜ್ ಸವೆದಿದೆಯಾ ನೋಡಿ. ಬಾಗಿಲನ್ನು ಅರ್ಧ ತೆರೆದು, ಹಿಂಜಿನ ಹತ್ತಿರ ಹಿಡಿದು ಮೇಲೆ ಕೆಳಗೆ, ಅಕ್ಕಪಕ್ಕ ಅಲ್ಲಾಡಿಸಿ. ಕಟಕಟ ಅಂತ ಆಟ ಕೊಟ್ಟರೆ ಪಿನ್ ಸವೆದಿದೆ, ಇಲ್ಲ ಪಿನ್ನಿನ ತೂತು ಮೊಟ್ಟೆಯಾಕಾರಕ್ಕೆ ಬಂದಿದೆ. ಇಂಥ ಹಿಂಜನ್ನು ಎಷ್ಟು ಹೊಂದಿಸಿದರೂ ಬಾಗಿಲು ಪ್ರತಿ ಸಲ ಬೇರೆ ಕಡೆ ಕೂರುತ್ತದೆ. ಲೇತ್ ಇರುವವರ ಹತ್ತಿರ ತೂತು ದೊಡ್ಡದು ಮಾಡಿಸಿ, ಬುಷ್ (ತೂತಿನೊಳಗೆ ಕೂರುವ ಲೋಹದ ಬಳೆ) ಹಾಕಿಸಿ, ಹೊಸ ಪಿನ್ ಕೂರಿಸಿದರೆ ಹಿಂಜ್ ಮತ್ತೆ ಹೊಸದರ ಹಾಗೆ. ದೊಡ್ಡ ಖರ್ಚೇನಲ್ಲ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯಲ್ಲಿ, ಶಿವಾಜಿನಗರದ ಗುಜರಿಯಲ್ಲಿ ಹಳೇ ಹಿಂಜ್ ಹುಡುಕಬಹುದು. ಆದರೆ ಅದೂ ಸವೆದಿಲ್ಲ ಅಂತ ಅಲ್ಲೇ ಅಲ್ಲಾಡಿಸಿ ನೋಡಿ ತನ್ನಿ.

ಬಿಚ್ಚುವ ಹಿಂದಿನ ರಾತ್ರಿಯೇ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಎಷ್ಟೋ ಕಾರುಗಳಲ್ಲಿ ನಟ್ಟು ತಗಡಿನ ಒಳಗೇ ಸಿಕ್ಕಿಕೊಂಡಿರುತ್ತದೆ, ಅದು ಕಿತ್ತು ತಿರುಗತೊಡಗಿದರೆ ದೊಡ್ಡ ಫಜೀತಿ. ಬಿಗಿಯಾಗಿದೆ ಅಂತ ಗ್ಯಾಸ್ ಟಾರ್ಚ್ ಹಿಡಿಯುವ ಯೋಚನೆ ಬೇಡವೇ ಬೇಡ. ಹಳೇ ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕ್ ಡಿಕ್ಕಿಯ ಹತ್ತಿರವೇ ಇರುತ್ತದೆ. ಹೆರಾಲ್ಡಿನಲ್ಲಂತೂ ಡಿಕ್ಕಿಯ ಒಳಗೇ ಇದೆ. ಇನ್ನೊಂದು ಎಚ್ಚರಿಕೆ: ಕೆಲವು ಕಾರುಗಳಲ್ಲಿ ಬಾಗಿಲನ್ನು ಎತ್ತಿ ಹಿಡಿಯಲು ಎರಡು ಹಿಂಜುಗಳ ನಡುವೆ ತಿರುಚಿದ ಸ್ಪ್ರಿಂಗ್ ಸಲಾಕೆ ಇರುತ್ತದೆ. ಅದರಲ್ಲಿ ತುಂಬಾ ಬಿಗುವು ಇರುತ್ತದೆ, ತಪ್ಪಿ ಬಿಟ್ಟರೆ ಮುಖಕ್ಕೆ ಹೊಡೆಯುತ್ತದೆ. ಹೊಂದಾಣಿಕೆಗೆ ಅದನ್ನು ಬಿಚ್ಚುವ ಅಗತ್ಯ ಇಲ್ಲ, ಅದರ ತಂಟೆಗೆ ಹೋಗಬೇಡಿ. ಬರೀ ಕಂಬಿಯ ಆಸರೆ ಇರುವ ಕಾರಾದರೆ ಬಾಗಿಲಿಗೆ ಮರದ ಗೂಟ ಕೊಟ್ಟುಕೊಳ್ಳಿ, ಜೊತೆಗೆ ಇನ್ನೊಬ್ಬರು ಇರಲಿ.

ಬಾಗಿಲಿನ ಅಂಚಿಗೂ ಮಡ್‌ಗಾರ್ಡಿನ ಅಂಚಿಗೂ ಮಾಸ್ಕಿಂಗ್ ಟೇಪ್ ಎರಡು ಪದರ ಹಚ್ಚಿ. ಹಿಂಜ್ ಈಗ ಎಲ್ಲಿದೆಯೋ ಅದರ ಸುತ್ತ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಗೆರೆ ಇದ್ದರೆ ಎಷ್ಟು ಸರಿಸಿದೆವು ಅಂತ ಗೊತ್ತಾಗುತ್ತದೆ, ಕೆಟ್ಟರೆ ಮೊದಲಿನ ಜಾಗಕ್ಕೆ ವಾಪಸ್ ಬರಬಹುದು. ಬೋಲ್ಟುಗಳನ್ನು ಪೂರ್ತಿ ಸಡಿಲ ಬಿಡಬೇಡಿ. ಕೈಯಿಂದ ಒತ್ತಿದರೆ ಸರಿಯಬೇಕು, ಬಿಟ್ಟರೆ ಅಲ್ಲೇ ನಿಲ್ಲಬೇಕು, ಅಷ್ಟು ಸಾಕು. ಹಿಂಜಿನ ಒಂದು ಕೈ ಬಾಡಿಗೆ, ಇನ್ನೊಂದು ಕೈ ಬಾಗಿಲಿಗೆ ಸೇರಿರುತ್ತದೆ. ಯಾವ ಕೈಯ ತೂತು ಯಾವ ದಿಕ್ಕಿಗೆ ಉದ್ದ ಇದೆ ಅಂತ ಮೊದಲೇ ನೋಡಿ, ಆ ದಿಕ್ಕಿಗೆ ಮಾತ್ರ ಅದು ಸರಿಯುತ್ತದೆ. ಒಂದು ಸಲಕ್ಕೆ ಒಂದೇ ಹಿಂಜ್, ಒಂದೇ ದಿಕ್ಕು. ಸರಿಸಿ, ಬಿಗಿ ಮಾಡಿ, ಮೆಲ್ಲಗೆ ಮುಚ್ಚಿ, ಅಳೆಯಿರಿ. ಬಿಗಿ ಮಾಡುವಾಗಲೇ ಬಾಗಿಲು ಒಂದಿಷ್ಟು ಸರಿಯುತ್ತದೆ, ಅದಕ್ಕೆ ಬೋಲ್ಟುಗಳನ್ನು ಒಂದೊಂದಾಗಿ ಪೂರ್ತಿ ಬಿಗಿಯದೆ ಸರದಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ಅಕ್ಕಪಕ್ಕ, ಹಿಂದೆಮುಂದೆ ಸರಿಹೋದ ಮೇಲೆ ಎತ್ತರಕ್ಕೆ ಬನ್ನಿ. ಹಿಂಜಿನ ಕಡೆ ಬಾಗಿಲು ತಗ್ಗಿದ್ದರೆ ಹಿಂಜ್ ಮತ್ತು ತಗಡಿನ ನಡುವೆ ತೆಳು ವಾಷರ್ ಪ್ಯಾಕಿಂಗ್ ಕೊಡಬೇಕು, ಎದ್ದಿದ್ದರೆ ಹಳೇ ಪ್ಯಾಕಿಂಗ್ ತೆಗೆಯಬೇಕು. ಯಾವ ಕೈಗೆ ಪ್ಯಾಕಿಂಗ್ ಕೊಟ್ಟರೆ ಬಾಗಿಲು ಏರುತ್ತದೆ ಅನ್ನುವುದು ಹಿಂಜಿನ ಆಕಾರದ ಮೇಲೆ ನಿಂತಿದೆ, ಒಂದು ವಾಷರ್ ಹಾಕಿ ನೋಡಿದರೆ ತಿಳಿಯುತ್ತದೆ. ಬಂಪರ್ ಕಡೆಯ ಎತ್ತರ ಹಿಂಜಿನ ಕೆಲಸ ಅಲ್ಲ, ಅದಕ್ಕೆ ಬಫರುಗಳಿವೆ.

ಕೆಲವೊಮ್ಮೆ ಎಲ್ಲ ಸರಿಮಾಡಿದರೂ ತುದಿಯ ಎಡ ಮೂಲೆ ಎದ್ದಿರುತ್ತದೆ, ಬಲ ಮೂಲೆ ತಗ್ಗಿರುತ್ತದೆ. ಅಂದರೆ ಬಾಗಿಲೇ ತಿರುಚಿದೆ. ಒಂದೇ ಮೂಲೆ ಹಿಡಿದು ಬಡಿದು ಮುಚ್ಚುವ ಅಭ್ಯಾಸದಿಂದ ಹೀಗಾಗುತ್ತದೆ. ಇದನ್ನು ನಮ್ಮ ಟಿಂಕರಿಂಗ್ ಮೇಸ್ತ್ರಿಗಳು ಸರಿಮಾಡುವ ರೀತಿ ನೋಡಲು ಚೆನ್ನ. ತಗ್ಗಿರುವ ಬಲ ಮೂಲೆಯ ಕೆಳಗೆ ಬಟ್ಟೆ ಸುತ್ತಿದ ಮರದ ತುಂಡು ಇಡುತ್ತಾರೆ. ಎದ್ದಿರುವ ಎಡ ಮೂಲೆಯ ಮೇಲೆ ಎರಡೂ ಅಂಗೈ ಊರಿ, ಮೈಭಾರ ಬಿಟ್ಟು ನಿಧಾನಕ್ಕೆ ಒತ್ತುತ್ತಾರೆ. ಬಿಡುತ್ತಾರೆ, ಮುಚ್ಚಿ ನೋಡುತ್ತಾರೆ, ಮತ್ತೆ ಸ್ವಲ್ಪ ಒತ್ತುತ್ತಾರೆ. ತಗಡು ಸ್ವಲ್ಪ ವಾಪಸ್ ಚಿಮ್ಮುತ್ತದೆ, ಹಾಗಾಗಿ ಬೇಕಾದ್ದಕ್ಕಿಂತ ಚೂರು ಜಾಸ್ತಿಯೇ ಒತ್ತಬೇಕು. ಬಾಗಿಲು ಅಂದರೆ ಹೊರಗಿನ ತಗಡು, ಒಳಗಿನ ಚೌಕಟ್ಟು, ಎರಡನ್ನೂ ಸೇರಿಸುವ ಮಡಿಚಿದ ಅಂಚು. ಒಳ ಚೌಕಟ್ಟು ತುಕ್ಕು ಹಿಡಿದಿದ್ದರೆ ಒತ್ತಿದ ಕಡೆ ಮಡಚಿಹೋಗುತ್ತದೆ. ಮೊದಲು ಬೆರಳಿನಿಂದ ತಟ್ಟಿ, ಗಟ್ಟಿ ಶಬ್ದ ಬರುತ್ತದಾ ಕೇಳಿ. ಅನುಭವ ಇಲ್ಲದಿದ್ದರೆ ಈ ಒಂದು ಕೆಲಸವನ್ನು ಮೇಸ್ತ್ರಿಗೆ ಬಿಡುವುದೇ ಮೇಲು.

ಇಷ್ಟಾದರೂ ಒಂದು ಕಡೆ ಸಂದು ಅಗಲ ಉಳಿದರೆ ಅಂಚಿಗೆ ತೆಳು ಕಬ್ಬಿಣದ ತಂತಿ ವೆಲ್ಡ್ ಮಾಡಿ, ಅರದಿಂದ ಉಜ್ಜಿ ಹೊಂದಿಸುತ್ತಾರೆ. ಅಂಚಿಗೆ ಪುಟ್ಟಿ ಮಾತ್ರ ಹಾಕಿಸಿಕೊಳ್ಳಬೇಡಿ. ಮುಚ್ಚುವ ಪೆಟ್ಟಿಗೆ ಅದು ಸೀಳು ಬಿಡುತ್ತದೆ, ಸೀಳಿನಲ್ಲಿ ನೀರು ಇಳಿಯುತ್ತದೆ.

ಈಗ ಬೀಡಿಂಗ್. ಹಳೇ ಕಾರಿನ ಬೀಡಿಂಗ್ ಅಂತ ಅಂಗಡಿಯಲ್ಲಿ ಕೊಡುವುದೆಲ್ಲ ಒಂದೇ ಅಲ್ಲ. ದಪ್ಪ ಬೇರೆ, ಮೃದುತನ ಬೇರೆ. ಹಳೇ ತುಂಡೊಂದನ್ನು ಕತ್ತರಿಸಿ ಜೊತೆಗೆ ತೆಗೆದುಕೊಂಡು ಹೋಗಿ. ಒತ್ತಿದರೆ ಸುಲಭವಾಗಿ ಅಮುಕಿ, ಬಿಟ್ಟರೆ ಮೊದಲಿನ ಆಕಾರಕ್ಕೆ ಬರುವ ರಬ್ಬರ್ ಒಳ್ಳೆಯದು. ಕಲ್ಲಿನ ಹಾಗೆ ಗಟ್ಟಿ ಇದ್ದರೆ ಬಾಗಿಲನ್ನೇ ಎತ್ತಿಬಿಡುತ್ತದೆ. ಕೂರಿಸುವಾಗ ಎಳೆದು ಹಿಗ್ಗಿಸಬೇಡಿ, ಆಮೇಲೆ ಕುಗ್ಗಿ ಕೂಡುವ ಜಾಗದಲ್ಲಿ ಬಾಯಿ ಬಿಡುತ್ತದೆ. ಆ ಜೋಡಣೆ ಹಿಂಜಿನ ಕಡೆ ಬೇಡ, ಅಲ್ಲಿ ಮಳೆ ನೀರು ಜಾಸ್ತಿ. ಬಂಪರ್ ಕಡೆ ನಡುವೆ ಬರಲಿ. ಹಾಕಿದ ಮೇಲೆ ರಬ್ಬರಿನ ಮೇಲೆ ಸೀಮೆಸುಣ್ಣ ಉಜ್ಜಿ ಬಾಗಿಲು ಒತ್ತಿ ಮುಚ್ಚಿ, ತೆಗೆಯಿರಿ. ಬಾಗಿಲಿನ ಒಳಗೆ ಸುತ್ತಲೂ ಬಿಳಿ ಗೆರೆ ಬಿದ್ದಿರಬೇಕು. ಎಲ್ಲಿ ಗೆರೆ ತುಂಡಾಗಿದೆಯೋ ಅಲ್ಲಿ ರಬ್ಬರ್ ತಾಗುತ್ತಿಲ್ಲ. ಬಹಳ ಸಲ ಆ ಜಾಗದಲ್ಲಿ ರಬ್ಬರ್ ಕೂರುವ ತಗಡಿನ ಅಂಚೇ ಬಗ್ಗಿರುತ್ತದೆ, ಇಕ್ಕಳದಲ್ಲಿ ನೆಟ್ಟಗೆ ಮಾಡಿದರೆ ಸಾಕು.

ಕೊನೆಗೆ ಲಾಕು. ಸ್ಟ್ರೈಕರನ್ನು ಬರೀ ಬೆರಳಲ್ಲಿ ಬಿಗಿ ಮಾಡಿ. ಕೊಕ್ಕೆಗೆ ಒಂದಿಷ್ಟು ಗ್ರೀಸ್ ಹಚ್ಚಿ ಬಾಗಿಲು ಇಳಿಸಿ. ಗ್ರೀಸಿನ ಗುರುತು ಸ್ಟ್ರೈಕರಿನ ಸರಿಯಾಗಿ ನಡುವೆ ಬೀಳಬೇಕು, ಪಕ್ಕಕ್ಕೆ ಬಿದ್ದರೆ ಸ್ಟ್ರೈಕರನ್ನು ಆ ಕಡೆಗೆ ಸರಿಸಿ. ಬಾಗಿಲು ಕಡೆಯ ಅಂಗುಲ ಇಳಿಯುವಾಗ ಪಕ್ಕಕ್ಕೆ ಜರುಗಬಾರದು, ಅದನ್ನು ಬಗ್ಗಿ ಕಣ್ಣಿಟ್ಟು ನೋಡಿ. ಆಮೇಲೆ ಎತ್ತರ. ಅಂಗೈಯಿಂದ ಒತ್ತಿದರೆ ಕ್ಲಿಕ್ ಅನ್ನಬೇಕು, ಮುಚ್ಚಿದ ಮೇಲೆ ಹಿಡಿದು ಎತ್ತಿದರೆ ಆಟ ಇರಬಾರದು. ಬಡಿದೇ ಮುಚ್ಚಬೇಕಾದರೆ ಸ್ಟ್ರೈಕರ್ ತೀರಾ ಕೆಳಗಿದೆ. ಗಡಗಡ ಸದ್ದು ಬಂದರೆ ಮೇಲಿದೆ. ಮೊದಲ ಸಲ ಪೂರ್ತಿ ಮುಚ್ಚುವ ಮುನ್ನ ಲಾಕಿನ ಕೊಕ್ಕೆಗೆ ಒಂದು ತಂತಿ ಕಟ್ಟಿ, ಹಿಂದಿನ ಸೀಟು ತೆಗೆದು ಆ ಕಡೆಯಿಂದ ಹೊರಗೆ ಬಿಡಿ. ಲಾಕ್ ಸಿಕ್ಕಿಕೊಂಡು ಬೀಗದಕೈ ತಿರುಗದಿದ್ದರೆ ತಂತಿ ಎಳೆದು ತೆಗೆಯಬಹುದು. ಇಲ್ಲದಿದ್ದರೆ ಮುಚ್ಚಿದ ಡಿಕ್ಕಿಯನ್ನು ಒಡೆಯದೆ ತೆಗೆಯುವುದು ಬಹಳ ಕಷ್ಟ.

ನೀರಿನ ಪರೀಕ್ಷೆಗೆ ಡಿಕ್ಕಿಯ ತಳದಲ್ಲಿ, ಮೂಲೆಗಳಲ್ಲಿ ಹಳೇ ದಿನಪತ್ರಿಕೆ ಹಾಸಿ, ಮುಚ್ಚಿ, ಹತ್ತು ನಿಮಿಷ ಪೈಪಿನಲ್ಲಿ ನೀರು ಬಿಡಿ. ಮೊದಲು ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಿ, ಆಗ ಯಾವ ಮಟ್ಟದಲ್ಲಿ ಸೋರುತ್ತಿದೆ ಅಂತ ಗೊತ್ತಾಗುತ್ತದೆ. ಯಾವ ಕಾಗದ ಒದ್ದೆಯಾಗಿದೆ ನೋಡಿ. ಒಳಗೆ ಯಾರನ್ನೂ ಕೂರಿಸಿ ಮುಚ್ಚಬೇಡಿ. ಬೀಡಿಂಗಿನ ಹತ್ತಿರ ಒದ್ದೆ ಇಲ್ಲದೆಯೂ ಕಾಗದ ಒದ್ದೆಯಾಗಿದ್ದರೆ ಹಿಂದಿನ ಗಾಜಿನ ರಬ್ಬರ್, ಹಿಂದಿನ ಲೈಟುಗಳ ರಬ್ಬರ್ ನೋಡಿ, ಅಲ್ಲಿಂದ ಇಳಿದ ನೀರಿಗೆ ಎಷ್ಟೋ ಸಲ ಡಿಕ್ಕಿ ಬಾಗಿಲು ಬೈಸಿಕೊಳ್ಳುತ್ತದೆ. ಹೊಸ ರಬ್ಬರ್ ಒಂದೆರಡು ವಾರದಲ್ಲಿ ಅಮುಕಿ ಕೂರುತ್ತದೆ. ಆಗ ಸ್ಟ್ರೈಕರನ್ನು ಒಂದು ಕೂದಲೆಳೆಯಷ್ಟು ಇಳಿಸಿ, ಹಿಂಜಿನ ಬೋಲ್ಟುಗಳಿಗೆ ಇನ್ನೊಮ್ಮೆ ಸ್ಪ್ಯಾನರ್ ಹಾಕಿ.